ಮೊಂಡಾವಿ ಕಟ್ಟಿದ ವೈನ್ ಕಂಪನಿ ಅವರ ಮನೆತನದ ಕೈತಪ್ಪಿದ್ದು ಹೇಗೆ?

ಪ್ರಶ್ನೆ: ವಿಜಯಪುರದ ತಿಕೋಟಾ ಭಾಗದಲ್ಲಿ ನನಗೂ ನನ್ನ ತಮ್ಮನಿಗೂ ಸೇರಿ ಹದಿನಾಲ್ಕು ಎಕರೆ ದ್ರಾಕ್ಷಿ ತೋಟವಿದೆ. ಇದುವರೆಗೆ ಒಣದ್ರಾಕ್ಷಿಯೇ ನಮ್ಮ ಜೀವನ. ವೈನ್ ದ್ರಾಕ್ಷಿ ಹಾಕಿ, ಮುಂದೆ ನಮ್ಮದೇ ಹೆಸರಿನಲ್ಲಿ ವೈನ್ ತಯಾರಿಸುವ ಆಸೆಯಿದೆ. ಅಮೆರಿಕದ ರಾಬರ್ಟ್ ಮೊಂಡಾವಿ ಐವತ್ತು ದಾಟಿದ ಮೇಲೆ ಕಂಪನಿ ಕಟ್ಟಿ ಜಗತ್ಪ್ರಸಿದ್ಧರಾದರು, ಕೊನೆಗೆ ಅದು ಅವರ ಮನೆಯವರ ಕೈಬಿಟ್ಟಿತು ಎಂದು ಓದಿದೆ. ಅಣ್ಣತಮ್ಮಂದಿರ ಜಗಳವೇ ಕಾರಣ ಎಂದು ಕೆಲವರು, ಅಗ್ಗದ ವೈನಿಗೆ ಕೈಹಾಕಿ ಕೆಟ್ಟರು ಎಂದು ಕೆಲವರು ಹೇಳುತ್ತಾರೆ. ನಿಜ ಯಾವುದು? ನಮ್ಮಂಥವರು ಅದರಿಂದ ತಿಳಿಯಬೇಕಾದ್ದೇನು?

ಉತ್ತರ: ನೀವು ಕೇಳಿದ ಎರಡು ಮಾತುಗಳಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಮೊಂಡಾವಿ ಮನೆತನ ಎಡವಿದ್ದು ಬಂಡವಾಳದ ವಿಚಾರದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ವೈನ್ ವರ್ಷಗಟ್ಟಲೆ ಕಾಯಿಸುವ ವ್ಯಾಪಾರ. ಆ ವ್ಯಾಪಾರವನ್ನು ಅವರು ಕೊನೆಕೊನೆಗೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುವ ಹಣದಿಂದ ನಡೆಸಬೇಕಾಯಿತು. ಅದು ಹಾಗಾದದ್ದು ಹೇಗೆ ಎಂದು ತಿಳಿಯಲು ಅವರ ಬದುಕನ್ನು ಮೊದಲಿನಿಂದ ನೋಡಬೇಕು.

ರಾಬರ್ಟ್ ಹುಟ್ಟಿದ್ದು 1913ರಲ್ಲಿ, ಮಿನ್ನೆಸೋಟ ರಾಜ್ಯದಲ್ಲಿ. ತಂದೆ ಚೇಸರೆ, ತಾಯಿ ರೋಸಾ ಇಟಲಿಯಿಂದ ಬಂದವರು. ಚೇಸರೆ ಅಲ್ಲಿನ ಕಬ್ಬಿಣದ ಗಣಿಯಲ್ಲಿ ದುಡಿದವರು. 1920ರಲ್ಲಿ ಅಮೆರಿಕದಲ್ಲಿ ಮದ್ಯನಿಷೇಧ ಜಾರಿಗೆ ಬಂತು. ಆದರೂ ಪ್ರತಿ ಕುಟುಂಬ ಸ್ವಂತ ಬಳಕೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್, ವೈನ್ ಮಾಡಿಕೊಳ್ಳಲು ಅವಕಾಶವಿತ್ತು. ಊರಿನ ಇಟಾಲಿಯನ್ನರು ಕ್ಯಾಲಿಫೋರ್ನಿಯಾದಿಂದ ದ್ರಾಕ್ಷಿ ತರಲು ಚೇಸರೆಯವರನ್ನು ಕಳುಹಿಸಿದರು. ಆ ವ್ಯಾಪಾರ ಕೈಹಿಡಿದು, 1923ರಲ್ಲಿ ಇಡೀ ಕುಟುಂಬ ಕ್ಯಾಲಿಫೋರ್ನಿಯಾದ ಲೋಡಿಗೆ ಬಂದು ನೆಲೆಸಿತು. ರಾಬರ್ಟ್ ಮತ್ತು ತಮ್ಮ ಪೀಟರ್ ಶಾಲೆಯ ರಜೆಯಲ್ಲಿ ದ್ರಾಕ್ಷಿ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದರು. ಮಾರುಕಟ್ಟೆಗೆ ಹಣ್ಣು ಕಳಿಸಿ ರೈಲಿನಲ್ಲಿ ಅದು ಕೊಳೆಯದಿರಲಿ ಎಂದು ಹಂಬಲಿಸುವ ಮನೆಯಲ್ಲೇ ಅವರು ಬೆಳೆದದ್ದು. ಆ ಆತಂಕ ನಿಮಗೆ ಹೊಸದಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ ರಾಬರ್ಟ್ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಗೆ ಬಂದು ವೈನ್ ಕೆಲಸ ಹಿಡಿದರು. 1943ರಲ್ಲಿ ತಂದೆಯನ್ನು ಒಪ್ಪಿಸಿ, 1861ರಲ್ಲಿ ಶುರುವಾಗಿದ್ದ ಚಾರ್ಲ್ಸ್ ಕ್ರುಗ್ ಎಂಬ ಹಳೆಯ ವೈನರಿಯನ್ನು 75,000 ಡಾಲರಿಗೆ ಕೊಳ್ಳಿಸಿದರು. ಅಲ್ಲಿ ಮಾರಾಟ ಅಣ್ಣನದು, ತಯಾರಿಕೆ ತಮ್ಮನದು. ಪೀಟರ್ ಸಾಮಾನ್ಯ ತಂತ್ರಜ್ಞರಲ್ಲ. ಬಿಳಿ ವೈನನ್ನು ತಣ್ಣಗಿಟ್ಟು ಹುದುಗಿಸುವ ವಿಧಾನವನ್ನು ಕ್ಯಾಲಿಫೋರ್ನಿಯಾದಲ್ಲಿ ಬಳಕೆಗೆ ತಂದವರಲ್ಲಿ ಅವರೂ ಒಬ್ಬರು. ಮುಂದಿನ ಕಥೆಯಲ್ಲಿ ಎಲ್ಲರೂ ಅಣ್ಣನನ್ನೇ ನಾಯಕನನ್ನಾಗಿ ಮಾಡುವುದರಿಂದ ಈ ಮಾತನ್ನು ಇಲ್ಲೇ ಹೇಳಿಬಿಡುವುದು ನ್ಯಾಯ.

1962ರಲ್ಲಿ ರಾಬರ್ಟ್ ಯುರೋಪಿಗೆ ಹೋಗಿಬಂದರು. ಅವರ ಬದುಕು ತಿರುವು ಪಡೆದದ್ದು ಅಲ್ಲಿ. ಆಗ ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುತ್ತಿದ್ದುದು ಸಿಹಿಯಾದ, ಮೇಲಿಂದ ಮದ್ಯಸಾರ ಸೇರಿಸಿದ ವೈನ್. ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ರುಚಿ ನೋಡಿದವರಿಗೆ ಅದರ ಅಂದಾಜು ಸಿಗಬಹುದು. ಒಳ್ಳೆಯ ವೈನನ್ನೂ ದೊಡ್ಡ ದೊಡ್ಡ ಹಳೆಯ ಮರದ ತೊಟ್ಟಿಗಳಲ್ಲಿ ಇಡುತ್ತಿದ್ದರು. ಫ್ರಾನ್ಸಿನ ಬೋರ್ಡೋ ಮತ್ತು ಬರ್ಗಂಡಿಯಲ್ಲಿ ರಾಬರ್ಟ್ ನೋಡಿದ್ದೇ ಬೇರೆ: ಸುಮಾರು 225 ಲೀಟರಿನ ಸಣ್ಣ ಓಕ್ ಮರದ ಪೀಪಾಯಿಗಳು, ಅವುಗಳ ಒಳಮೈಯನ್ನು ಬೆಂಕಿಯಲ್ಲಿ ಹದವಾಗಿ ಸುಡುವ ಕುಶಲಿಗಳು, ಪೀಪಾಯಿಯಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಮಾಗುವ ರಸ. ಒಂದು ಪೀಪಾಯಿಯಿಂದ ಸಿಗುವುದು ಸುಮಾರು ಮುನ್ನೂರು ಬಾಟಲಿ. ಅಷ್ಟು ಕಡಿಮೆ ರಸಕ್ಕೆ ಅಷ್ಟು ದುಬಾರಿ ಮರ, ಅಷ್ಟು ದೀರ್ಘ ಕಾಯುವಿಕೆ. ಆದರೂ ಆ ವೈನಿಗೆ ಜಗತ್ತು ಕೇಳಿದ ಬೆಲೆ ಕೊಡುತ್ತಿತ್ತು. ನಾಪಾದ ಮಣ್ಣು, ಬಿಸಿಲು ಯಾವುದಕ್ಕೂ ಕಡಿಮೆಯಿಲ್ಲ, ನಮ್ಮ ಕೆಲಸದ ರೀತಿ ಮಾತ್ರ ಬದಲಾಗಬೇಕು ಎಂಬ ನಂಬಿಕೆ ಹೊತ್ತು ಅವರು ಮರಳಿದರು. ಪೀಟರ್ ಇದನ್ನು ದುಂದು ಎಂದು ಕಂಡರು. ಇಬ್ಬರ ನಡುವೆ ಬಿರುಕು ಮೂಡಿದ್ದು ಹೀಗೆ.

ಇನ್ನು ನೀವು ಕೇಳಿದ ಜಗಳ. ರಾಬರ್ಟ್ ದಂಪತಿಗೆ ಶ್ವೇತಭವನದ ಔತಣಕ್ಕೆ ಆಹ್ವಾನ ಬಂದಾಗ ಹೆಂಡತಿಗೆ ದುಬಾರಿ ಮಿಂಕ್ ತುಪ್ಪಳದ ಕೋಟು ಕೊಂಡಿದ್ದರು. 1965ರ ನವೆಂಬರಿನಲ್ಲಿ ಕುಟುಂಬವೆಲ್ಲ ಸೇರಿದ್ದಾಗ, ಅದಕ್ಕೆ ಹಣ ಎಲ್ಲಿಂದ ಬಂತು, ಕಂಪನಿಯ ದುಡ್ಡು ಬಳಸಿದೆಯಾ ಎಂದು ಪೀಟರ್ ಕೇಳಿದರು. ಮಾತಿಗೆ ಮಾತು ಬೆಳೆದು ಅಣ್ಣ ತಮ್ಮನ ಮೇಲೆ ಕೈಮಾಡಿದರು. ತಂದೆ 1959ರಲ್ಲೇ ತೀರಿಕೊಂಡಿದ್ದರು, ತಾಯಿ ತಮ್ಮನ ಪಕ್ಷ ವಹಿಸಿದರು. ರಾಬರ್ಟ್ ಅವರನ್ನು ಕೆಲಸದಿಂದ ದೂರವಿರಿಸಲಾಯಿತು. ಅವರ ಹಿರಿಯ ಮಗ ಮೈಕಲ್‌ಗೂ ಕ್ರುಗ್‌ನಲ್ಲಿ ಜಾಗವಿಲ್ಲ ಎಂದಾಯಿತು. ಮಗನ ದಾರಿಯೂ ಮುಚ್ಚಿದ್ದು ಅವರಿಗೆ ತಡೆಯಲಾಗದ ಪೆಟ್ಟು.

ಕೋಟು ಒಂದು ನೆಪ ಅಷ್ಟೇ. ಯಾರ ಪಾಲು ಎಷ್ಟು, ಖರ್ಚಿಗೆ ಯಾರ ಒಪ್ಪಿಗೆ ಬೇಕು, ಮುಂದಿನ ತಲೆಮಾರು ಯಾವ ಷರತ್ತಿನ ಮೇಲೆ ಒಳಗೆ ಬರಬೇಕು, ಒಬ್ಬರು ಹೊರಹೋದರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ ಎಂಬುದನ್ನೆಲ್ಲ ಪ್ರೀತಿ ಇದ್ದ ಕಾಲದಲ್ಲೇ ಕೂತು ತೀರ್ಮಾನಿಸಿರಲಿಲ್ಲ. ಪ್ರಕರಣ ಕೋರ್ಟಿಗೆ ಹೋಯಿತು. 1976ರಲ್ಲಿ ತೀರ್ಪು ರಾಬರ್ಟ್ ಕಡೆಗೆ ಬಂತು, 1978ರ ಹೊತ್ತಿಗೆ ರಾಜಿಯಾಗಿ ಅವರ ಪಾಲು ಕೈಸೇರಿತು. ಹತ್ತು ವರ್ಷಕ್ಕೂ ಮಿಕ್ಕಿದ ಕಾಲ ಒಂದೇ ಕಣಿವೆಯಲ್ಲಿ ಅಣ್ಣತಮ್ಮಂದಿರು ಎದುರಾಳಿಗಳಾಗಿ ಬದುಕಿದರು.

ಆದರೆ ಗಮನಿಸಿ, ಈ ಜಗಳ ಕಂಪನಿಯನ್ನು ಕೆಡಿಸಲಿಲ್ಲ. ಅದರಿಂದಲೇ ಹೊಸ ಕಂಪನಿ ಹುಟ್ಟಿತು. 1966ರಲ್ಲಿ, ಐವತ್ತೆರಡು ತುಂಬಿದ್ದ ರಾಬರ್ಟ್ ನಾಪಾ ಕಣಿವೆಯ ಓಕ್‌ವಿಲ್‌ನಲ್ಲಿ ಟೊ ಕಲೋನ್ ಎಂಬ ಹೆಸರಾಂತ ತೋಟದ ಸುಮಾರು 12 ಎಕರೆ ಕೊಂಡು ವೈನರಿ ಕಟ್ಟಿಸತೊಡಗಿದರು. ಹೆಚ್ಚಿನ ಹಣ ಪಾಲುದಾರರದು. ಆ ವರ್ಷದ ಕೊಯ್ಲಿನ ಹೊತ್ತಿಗೆ ಕಟ್ಟಡ ಮುಗಿದಿರಲಿಲ್ಲ. ಒಂದು ಕಡೆ ಕಟ್ಟುವ ಕೆಲಸ, ಇನ್ನೊಂದು ಕಡೆ ದ್ರಾಕ್ಷಿ ಅರೆಯುವ ಕೆಲಸ ಸಾಗಿತ್ತು. ಹಣ್ಣು ಮಾಗಿದ ಮೇಲೆ ಗಾರೆಯವರಿಗಾಗಿ ಕಾಯುವುದಿಲ್ಲ ಎಂಬುದು ನಿಮಗೂ ಗೊತ್ತಿರುವ ಮಾತೇ.

ಹೆಸರು ಗಳಿಸಿದ ಬಗೆಯಲ್ಲಿ ಅವರ ನಿಜವಾದ ಪ್ರತಿಭೆ ಇದೆ, ಅದನ್ನು ನೀವು ಚೆನ್ನಾಗಿ ನೋಡಬೇಕು. ವಾಸ್ತುಶಿಲ್ಪಿ ಕ್ಲಿಫ್ ಮೇ ಅವರಿಂದ ಹಳೆಯ ಸ್ಪ್ಯಾನಿಷ್ ಮಿಷನ್ ಚರ್ಚುಗಳ ಮಾದರಿಯ ಕಮಾನು ಮತ್ತು ಗೋಪುರ ಕಟ್ಟಿಸಿ, ಅದೇ ಚಿತ್ರವನ್ನು ಲೇಬಲ್ ಮೇಲೆ ಹಾಕಿದರು. ಬಂದವರಿಗೆಲ್ಲ ತೋಟ, ತೊಟ್ಟಿ, ಪೀಪಾಯಿ ತೋರಿಸಿ, ಏಕೆ ಹೀಗೆ ಮಾಡುತ್ತೇವೆ ಎಂದು ವಿವರಿಸಿ, ರುಚಿ ನೋಡಿಸಿ ಕಳಿಸುವ ಪದ್ಧತಿ ಹಾಕಿದರು. ಬೇಸಿಗೆ ಸಂಗೀತ ಕಛೇರಿಗಳು ಶುರುವಾದವು, ಹೆಸರಾಂತ ಬಾಣಸಿಗರ ಅಡುಗೆ ತರಗತಿಗಳು ಬಂದವು. ವೈನ್ ಊಟದ ಜೊತೆಯ ಪಾನೀಯ ಎಂಬ ಅಭ್ಯಾಸವೇ ಇಲ್ಲದ ದೇಶದಲ್ಲಿ ಅವರು ಗಿರಾಕಿಯನ್ನು ಹುಡುಕುವ ಮೊದಲು ಗಿರಾಕಿಯನ್ನು ತಯಾರುಮಾಡಿದರು. ಸ್ಟೇನ್‌ಲೆಸ್ ಸ್ಟೀಲ್ ತೊಟ್ಟಿಗಳಲ್ಲಿ ಉಷ್ಣಾಂಶ ನಿಯಂತ್ರಿಸಿ ಹುದುಗಿಸುವುದು, ಫ್ರಾನ್ಸಿನ ಬೇರೆ ಬೇರೆ ಕಾಡುಗಳ ಓಕ್ ತಂದು ಒಂದೇ ವೈನನ್ನು ಹಲವು ಪೀಪಾಯಿಗಳಲ್ಲಿಟ್ಟು ಹೋಲಿಸುವುದು ನಿರಂತರವಾಗಿ ನಡೆಯಿತು.

ಕಲಿತದ್ದನ್ನು ಅವರು ಬಚ್ಚಿಡಲಿಲ್ಲ. ಪಕ್ಕದ ವೈನರಿಯವರು ಬಂದು ಕೇಳಿದರೆ ಹೇಳುತ್ತಿದ್ದರು. ಸೊವಿನ್ಯೋಂ ಬ್ಲಾಂ ಎಂಬ ಬಿಳಿ ದ್ರಾಕ್ಷಿ ತಳಿಗೆ ಆಗ ಮಾರುಕಟ್ಟೆಯಲ್ಲಿ ಬೆಲೆಯಿರಲಿಲ್ಲ. ಅದನ್ನು ಸಿಹಿಯಿಲ್ಲದಂತೆ ಮಾಡಿ, ಓಕ್‌ನಲ್ಲಿಟ್ಟು, ಫ್ಯೂಮೆ ಬ್ಲಾಂ ಎಂಬ ಹೊಸ ಹೆಸರಿನಲ್ಲಿ ಮಾರಿ ಗೆದ್ದರು. ಆ ಹೆಸರನ್ನು ತಮ್ಮದೆಂದು ಕಾದಿರಿಸದೆ ಉಳಿದವರಿಗೂ ಬಿಟ್ಟುಕೊಟ್ಟರು. 1976ರ ಪ್ಯಾರಿಸ್ ರುಚಿಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯಾದ ಎರಡು ವೈನ್‌ಗಳು ಫ್ರಾನ್ಸಿನ ಘಟಾನುಘಟಿಗಳನ್ನು ಹಿಂದಿಕ್ಕಿದವು. ಕೆಂಪು ವೈನ್ ಮಾಡಿದ ವಾರೆನ್ ವಿನಿಯಾರ್ಸ್ಕಿ, ಬಿಳಿ ವೈನ್ ಮಾಡಿದ ಮೈಕ್ ಗರ್ಗಿಚ್ ಇಬ್ಬರೂ ಅದಕ್ಕೂ ಮುಂಚೆ ಮೊಂಡಾವಿ ವೈನರಿಯಲ್ಲಿ ಕೆಲಸ ಮಾಡಿದ್ದವರು. ಪ್ರದೇಶಕ್ಕೆ ಹೆಸರು ಬರದೆ ಒಬ್ಬ ಬೆಳೆಗಾರನ ಬಾಟಲಿಗೆ ಬೆಲೆ ಬರುವುದಿಲ್ಲ ಎಂದು ಅವರು ಅರಿತಿದ್ದರು. ವಿಜಯಪುರದ ಬೆಳೆಗಾರರು ಒಣದ್ರಾಕ್ಷಿಯಲ್ಲಿ ಇದನ್ನು ಕಂಡೇ ಇದ್ದೀರಿ.

ಓಪಸ್ ಒನ್ ಎಂಬ ದುಬಾರಿ ವೈನಿನ ಕಥೆ ಹೆಚ್ಚಿನವರಿಗೆ ಗೊತ್ತು, ಚುಟುಕಾಗಿ ಹೇಳುತ್ತೇನೆ. ಬೋರ್ಡೋದ ಮೂತೋಂ ತೋಟದ ಒಡೆಯ ಬ್ಯಾರನ್ ಫಿಲಿಪ್ ದ ರಾಥ್‌ಶೀಲ್ಡ್ 1978ರಲ್ಲಿ ರಾಬರ್ಟ್ ಅವರನ್ನು ಮನೆಗೆ ಕರೆಸಿ, ಮರುದಿನ ಬೆಳಿಗ್ಗೆ ತಮ್ಮ ಮಲಗುವ ಕೋಣೆಯಲ್ಲೇ ವ್ಯವಹಾರ ಮಾತಾಡಿದರು. ಸಮಪಾಲು, ನಾಪಾ ದ್ರಾಕ್ಷಿ, ಇಬ್ಬರ ಕೈಚಳಕ. 1979ರ ಕೊಯ್ಲೇ ಮೊದಲ ವೈನ್ ಆಯಿತು, ಅದು ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ಅದಕ್ಕೂ ಮುಂಚೆ, 1981ರ ನಾಪಾ ಹರಾಜಿನಲ್ಲಿ ಒಂದು ಪೆಟ್ಟಿಗೆಗೆ 24,000 ಡಾಲರ್ ಬಂದಿತ್ತು.

ಇನ್ನು ಅಗ್ಗದ ವೈನಿನ ಪ್ರಶ್ನೆ. 1979ರಲ್ಲಿ ರಾಬರ್ಟ್ ತಮ್ಮ ಬಾಲ್ಯದ ಲೋಡಿಯ ಬಳಿ ಬೆಳೆಗಾರರ ಸಹಕಾರಿ ವೈನರಿಯೊಂದನ್ನು ಕೊಂಡು, ವುಡ್‌ಬ್ರಿಜ್ ಎಂಬ ದಿನಬಳಕೆಯ ವೈನ್ ತಯಾರಿಸತೊಡಗಿದರು. ಮುಂದೆ ಕಂಪನಿ ಮಾರುತ್ತಿದ್ದ ಪೆಟ್ಟಿಗೆಗಳಲ್ಲಿ ಬಹುಪಾಲು ಇದೇ ಆಯಿತು. ಇದನ್ನು ತಪ್ಪೆಂದು ನಾನು ಒಪ್ಪುವುದಿಲ್ಲ. ವರ್ಷ ತುಂಬುವುದರೊಳಗೆ ಹಣವಾಗಿ ಮರಳುವ ವೈನ್ ಅದು. ಎರಡು ಮೂರು ವರ್ಷ ಮಲಗಿಸಬೇಕಾದ ರಿಸರ್ವ್ ಕ್ಯಾಬರ್ನೆ ಎಂಬ ದುಬಾರಿ ಕೆಂಪು ವೈನಿನ ಪೀಪಾಯಿಗಳ ಖರ್ಚನ್ನು ಹೊತ್ತದ್ದು ಆ ಆದಾಯವೇ. ತಪ್ಪಾದದ್ದು ಲೇಬಲ್‌ನಲ್ಲಿ. ಅಗ್ಗದ ಬಾಟಲಿಯ ಮೇಲೂ ರಾಬರ್ಟ್ ಮೊಂಡಾವಿ ಎಂಬ ಹೆಸರೇ ದಪ್ಪಕ್ಷರದಲ್ಲಿ ಬಂತು. ಕಿರಾಣಿ ಅಂಗಡಿಯಲ್ಲಿ ಕೆಲವೇ ಡಾಲರಿಗೆ ಸಿಗುವ ಹೆಸರಿಗೆ ಹೋಟೆಲಿನಲ್ಲಿ ಹತ್ತಿಪ್ಪತ್ತು ಪಟ್ಟು ಕೊಡಲು ಗಿರಾಕಿ ಹಿಂದೆಮುಂದೆ ನೋಡಿದ. ಓಪಸ್ ಒನ್‌ಗೆ ಬೇರೆಯದೇ ಹೆಸರಿದ್ದುದರಿಂದ ಅದಕ್ಕೆ ಆ ಏಟು ತಟ್ಟಲಿಲ್ಲ.

ನಿಜವಾದ ಹೊಡೆತ ಬಿದ್ದದ್ದು ಬೇರಿಗೆ. ದ್ರಾಕ್ಷಿಯ ಬೇರು ತಿನ್ನುವ ಫಿಲಾಕ್ಸೆರಾ ಎಂಬ ಸಣ್ಣ ಕೀಟವಿದೆ. ಅದನ್ನು ತಡೆಯುವ ಅಮೆರಿಕನ್ ಬೇರುಸಸಿಯ ಮೇಲೆ ಯುರೋಪಿನ ತಳಿಗಳನ್ನು ಕಸಿಮಾಡುವುದು ರೂಢಿ. ನಾಪಾದಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಶಿಫಾರಸು ಮಾಡಿದ್ದ ಎಎಕ್ಸ್‌ಆರ್-1 ಎಂಬ ಬೇರುಸಸಿಯನ್ನು ಎಲ್ಲರೂ ಹಾಕಿದ್ದರು. ಇಳುವರಿ ಚೆನ್ನಾಗಿತ್ತು. ಆದರೆ ಅದರ ಒಂದು ಮೂಲ ಯುರೋಪಿನ ತಳಿಯೇ ಆಗಿದ್ದರಿಂದ ಕೀಟದ ಎದುರು ನಿಲ್ಲುವ ಶಕ್ತಿ ಕಡಿಮೆ. 1980ರ ದಶಕದಲ್ಲಿ ಬಳ್ಳಿಗಳು ಸೊರಗತೊಡಗಿದವು. ಕಣಿವೆಯ ಬಹುಭಾಗವನ್ನು ಬೇರುಸಹಿತ ಕಿತ್ತು ಮತ್ತೆ ನೆಡಬೇಕಾಯಿತು. ಅಲ್ಲಿ ಹೊಸ ಬಳ್ಳಿ ಫಲ ಕೊಡಲು ಮೂರು ವರ್ಷ ಬೇಕು, ಒಳ್ಳೆಯ ವೈನಿಗೆ ಇನ್ನೂ ಹೆಚ್ಚು. ಆಮೇಲೆ ಪೀಪಾಯಿಯ ಕಾಲ. ಅಷ್ಟೂ ವರ್ಷ ಖರ್ಚಿದೆ, ಆದಾಯವಿಲ್ಲ. ನಿಮ್ಮ ತೋಟದ ಡಾಗ್‌ರಿಡ್ಜ್ ಬೇರುಸಸಿ ನಮ್ಮಲ್ಲಿ ಬಳಕೆಗೆ ಬಂದದ್ದು ಮುಖ್ಯವಾಗಿ ಬರ ಮತ್ತು ಸವಳು ನೀರಿಗಾಗಿ. ಆದರೂ ಇಡೀ ಸೀಮೆ ಒಂದೇ ಬೇರನ್ನು ನೆಚ್ಚಿಕೊಳ್ಳುವುದು ಅಪಾಯ ಎಂಬುದು ಅಲ್ಲಿಗೂ ಇಲ್ಲಿಗೂ ಒಂದೇ.

ಮರುನಾಟಿಗೆ, ಹಳೆಯ ಸಾಲಕ್ಕೆ ಹಣ ಬೇಕಾಗಿ 1993ರಲ್ಲಿ ಕಂಪನಿ ಷೇರುಪೇಟೆಗೆ ಹೋಯಿತು. ಷೇರಿಗೆ 13.50 ಡಾಲರಿನಂತೆ ಮಾರಿದರು. ಕೀಟದ ಸುದ್ದಿಗೆ ಬೆದರಿ ಬೆಲೆ ಬಹುಬೇಗ ಕುಸಿಯಿತು, ಮುಂದೆ ಚೇತರಿಸಿ ಬಹಳ ಮೇಲಕ್ಕೂ ಹೋಯಿತು. ಮನೆತನ ತನ್ನ ಹಿಡಿತಕ್ಕೆ ಒಂದು ಬೇಲಿ ಹಾಕಿಕೊಂಡಿತ್ತು: ಸಾರ್ವಜನಿಕರ ಷೇರಿಗೆ ಒಂದು ಮತ, ಕುಟುಂಬದ ಷೇರಿಗೆ ಹತ್ತು ಮತ. ಇದೇ ಸಾಕು ಎಂದುಕೊಂಡದ್ದು ದೊಡ್ಡ ತಪ್ಪು ಎಂದು ನನಗನಿಸುತ್ತದೆ. ಮತ ಕೈಯಲ್ಲಿದ್ದರೂ ಲೆಕ್ಕ ಒಪ್ಪಿಸಬೇಕಾದದ್ದು ಮೂರು ತಿಂಗಳಿಗೊಮ್ಮೆ. ಮೂರು ತಿಂಗಳ ಲೆಕ್ಕದಲ್ಲಿ ವುಡ್‌ಬ್ರಿಜ್ ಯಾವಾಗಲೂ ಚೆನ್ನಾಗಿ ಕಾಣುತ್ತದೆ, ಟೊ ಕಲೋನ್‌ನ ಪೀಪಾಯಿ ಹೊರೆಯಾಗಿ ಕಾಣುತ್ತದೆ. ಬೆಳವಣಿಗೆ ತೋರಿಸಲೇಬೇಕೆಂಬ ಒತ್ತಡದಲ್ಲಿ ಚಿಲಿಯಲ್ಲಿ, ಇಟಲಿಯಲ್ಲಿ ಪಾಲುದಾರಿಕೆಗಳಾದವು, ಡಿಸ್ನಿಯ ಮನರಂಜನಾ ಉದ್ಯಾನದಲ್ಲೂ ವೈನ್ ಕೇಂದ್ರ ತೆರೆದು ಬೇಗನೆ ಕೈಸುಟ್ಟುಕೊಂಡರು. ದಕ್ಷಿಣ ಫ್ರಾನ್ಸಿನ ಆನ್ಯಾನ್ ಎಂಬ ಹಳ್ಳಿಯಲ್ಲಿ ಗುಡ್ಡದ ಕಾಡು ಕಡಿದು ತೋಟ ಮಾಡಹೊರಟಾಗ ಊರವರು ವಿರೋಧಿಸಿದರು. 2001ರ ಚುನಾವಣೆಯಲ್ಲಿ ಯೋಜನೆಯ ವಿರೋಧಿಯೇ ಅಲ್ಲಿ ಮೇಯರ್ ಆಗಿ, ಮೊಂಡಾವಿಯವರು ಹಿಂದೆ ಸರಿಯಬೇಕಾಯಿತು.

ಇದರ ಜೊತೆಗೆ ರಾಬರ್ಟ್ ಅವರ ಕೊಡುಗೈ. 2001ರಲ್ಲಿ ಡೇವಿಸ್ ವಿಶ್ವವಿದ್ಯಾಲಯಕ್ಕೆ 3.5 ಕೋಟಿ ಡಾಲರ್ ಘೋಷಿಸಿದರು. ನಾಪಾ ಪಟ್ಟಣದಲ್ಲಿ ಕೋಪಿಯಾ ಎಂಬ ಆಹಾರ ಮತ್ತು ಕಲೆಯ ಕೇಂದ್ರಕ್ಕೆ ಇನ್ನೂ 2 ಕೋಟಿ ಡಾಲರ್. ನಾನು ಮನಸಾರೆ ಗೌರವಿಸುವ ಗುಣ ಅದು. ಡೇವಿಸ್‌ನಲ್ಲಿ ಇಂದು ವೈನ್ ವಿಜ್ಞಾನ ಕಲಿಯುವ ಮಕ್ಕಳು ಅದರ ಫಲ ಉಣ್ಣುತ್ತಿದ್ದಾರೆ. ಆದರೆ ಅವರ ಸಂಪತ್ತೆಲ್ಲ ಕಂಪನಿಯ ಷೇರಿನಲ್ಲಿತ್ತು. ಷೇರು ಇಳಿದಾಗ ಕೊಟ್ಟ ಮಾತು ಉಳಿಸಿಕೊಳ್ಳಲು ಹೆಣಗಬೇಕಾಯಿತು. ಮಕ್ಕಳಾದ ಮೈಕಲ್ ಮತ್ತು ಟಿಮ್ ನಡುವೆ ಕಂಪನಿ ಯಾವ ದಾರಿ ಹಿಡಿಯಬೇಕು ಎಂಬುದರಲ್ಲಿ ಒಮ್ಮತವಿರಲಿಲ್ಲ. ಕ್ರುಗ್‌ನಲ್ಲಿ ತೀರ್ಮಾನವಾಗದೆ ಉಳಿದ ಪ್ರಶ್ನೆ ಮುಂದಿನ ತಲೆಮಾರಿನಲ್ಲೂ ಹಾಗೇ ಉಳಿದಿತ್ತು. ಆಡಳಿತ ಹೊರಗಿನವರ ಕೈಗೆ ಹೋಯಿತು. 2004ರಲ್ಲಿ ಹತ್ತು ಮತದ ಬೇಲಿಯನ್ನು ತೆಗೆಯುವ ಪ್ರಸ್ತಾಪ ಬಂದ ಕೆಲವೇ ತಿಂಗಳಲ್ಲಿ ಕಾನ್‌ಸ್ಟಲೇಶನ್ ಎಂಬ ದೈತ್ಯ ಕಂಪನಿ ಎಲ್ಲವನ್ನೂ ಕೊಂಡುಕೊಂಡಿತು. ಸಾಲವೂ ಸೇರಿ ಬೆಲೆ ಸುಮಾರು 136 ಕೋಟಿ ಡಾಲರ್. ಮನೆಯವರಿಗೆ ಹಣ ಬಂತು, ವೈನರಿ ಹೋಯಿತು. ರಾಬರ್ಟ್ 2008ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆ, 2005ರಲ್ಲಿ, ಅಣ್ಣತಮ್ಮಂದಿರು ನಲವತ್ತು ವರ್ಷಗಳ ಮೇಲೆ ಮತ್ತೆ ಜೊತೆಯಾಗಿ ಒಂದೇ ಒಂದು ಪೀಪಾಯಿ ವೈನ್ ಮಾಡಿ ನಾಪಾ ಹರಾಜಿಗೆ ಕೊಟ್ಟಿದ್ದರು.

ಪೀಟರ್ ಏನಾದರು? ಅಣ್ಣನ ಪಾಲು ಕೊಡಲು ಮಾಡಿದ ಸಾಲವನ್ನು ವರ್ಷಗಟ್ಟಲೆ ತೀರಿಸುತ್ತ, ಷೇರುಪೇಟೆಯ ಹತ್ತಿರವೂ ಸುಳಿಯದೆ, ನಿಧಾನವಾಗಿ ತೋಟ ಮರುನಾಟಿ ಮಾಡುತ್ತ ಕ್ರುಗ್ ಅನ್ನು ಉಳಿಸಿಕೊಂಡರು. 2016ರಲ್ಲಿ, 101ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗಲೂ ಅದು ಕುಟುಂಬದ ಕೈಯಲ್ಲೇ ಇತ್ತು. ಅಣ್ಣನಷ್ಟು ಹೆಸರು ಬರಲಿಲ್ಲ. ನಾಪಾಕ್ಕೆ ಜಗತ್ತಿನ ಬಾಗಿಲು ತೆರೆದದ್ದು ರಾಬರ್ಟ್. ಇಬ್ಬರಲ್ಲಿ ಯಾರು ಗೆದ್ದರು ಎನ್ನುವುದಕ್ಕಿಂತ, ನಿಮಗೆ ಯಾವುದು ಬೇಕು ಎಂದು ನೀವೂ ನಿಮ್ಮ ತಮ್ಮನೂ ಮೊದಲೇ ಮಾತಾಡಿಕೊಳ್ಳುವುದು ಮುಖ್ಯ.

ಈಗ ನಿಮ್ಮ ವಿಷಯ. ನಮ್ಮ ಬಿಸಿಲಿನಲ್ಲಿ ಬಳ್ಳಿ ನಾಪಾಗಿಂತ ಬೇಗ ಫಲಕ್ಕೆ ಬರುತ್ತದೆ, ಬಳ್ಳಿ ಸವರುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ನಿಮಗೆ ಹೇಳಿಕೊಡಬೇಕಾದ್ದಲ್ಲ. ಆದರೂ ಹೆಸರು ಬರಲು ಹಿಡಿಯುವ ಕಾಲ ಇಲ್ಲೂ ದೀರ್ಘವೇ. ನಂದಿ ಬೆಟ್ಟದ ತಪ್ಪಲಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ಷಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳ ಪ್ರಯೋಗಕ್ಕೆ ತೊಡಗಿದ ಮೇಲೆ, ದೊಡ್ಡಬಳ್ಳಾಪುರದಿಂದ ಮೊದಲ ವೈನ್ ಹೊರಬರಲು 1992ರವರೆಗೆ ಕಾಯಬೇಕಾಯಿತು. ಅವರಿಗೆ ಬೇರೆ ವ್ಯಾಪಾರದ ಆದಾಯವಿತ್ತು, ಹಾಗಾಗಿ ಕಾಯಲು ಸಾಧ್ಯವಾಯಿತು. ನಿಮಗೆ ಆ ಆದಾಯ ಒಣದ್ರಾಕ್ಷಿ. ಆದ್ದರಿಂದ ಹದಿನಾಲ್ಕೂ ಎಕರೆ ಕೀಳಬೇಡಿ. ಎರಡು ಮೂರು ಎಕರೆಯಲ್ಲಿ ವೈನ್ ತಳಿ ಹಾಕಿ. ನೆಡುವ ಮೊದಲೇ ಒಂದು ವೈನರಿಯ ಜೊತೆ ಖರೀದಿ ಒಪ್ಪಂದ ಮಾಡಿಕೊಳ್ಳಿ. ಬೆಲೆ ಕೇವಲ ತೂಕದ ಮೇಲೋ, ಸಕ್ಕರೆ ಅಂಶ ಮತ್ತು ಹುಳಿಯ ಹದದ ಮೇಲೂ ನಿಂತಿದೆಯೋ ಎಂದು ಓದಿ ನೋಡಿ. ತಿನ್ನುವ ದ್ರಾಕ್ಷಿಯಲ್ಲಿ ದಪ್ಪ ಕಾಯಿಗೆ ಬೆಲೆ, ವೈನಿನಲ್ಲಿ ಸಣ್ಣ ಕಾಯಿಗೆ. ನೀರು, ಗೊಬ್ಬರದ ಅಭ್ಯಾಸ ಬದಲಾಯಿಸಲು ಒಂದೆರಡು ಹಂಗಾಮು ಬೇಕೇ ಬೇಕು.

ಸ್ವಂತ ಬಾಟಲಿಗೆ ಬರುವಾಗ ಬೇರೆ ಬೇರೆ ರಾಜ್ಯಗಳ ಅಬಕಾರಿ ನಿಯಮ, ಶುಲ್ಕ, ಲೇಬಲ್ ನೋಂದಣಿ ಎಲ್ಲವೂ ಬೇರೆ ಬೇರೆ ಎಂಬುದು ನೆನಪಿರಲಿ. ಮೊದಲ ಐದು ವರ್ಷ ವಿಜಯಪುರ, ಬೆಂಗಳೂರು ಬಿಟ್ಟು ಆಚೆ ಯೋಚಿಸುವ ಅಗತ್ಯವಿಲ್ಲ. ದೂರದರ್ಶನದಲ್ಲಿ ಮದ್ಯದ ಜಾಹೀರಾತಿಗೆ ಅವಕಾಶವಿಲ್ಲದ ನಮ್ಮ ದೇಶದಲ್ಲಿ ಮೊಂಡಾವಿಯವರ ದಾರಿಯೇ ನಿಮಗೂ ದಾರಿ: ಗೋಳಗುಮ್ಮಟ ನೋಡಲು ಬರುವವರು ನಿಮ್ಮ ತೋಟಕ್ಕೂ ಬರಲಿ, ಬಳ್ಳಿಯ ನಡುವೆ ನಡೆಯಲಿ, ನಿಮ್ಮ ಬಾಯಿಂದಲೇ ಕೇಳಲಿ.

ಮೊದಲ ಸಸಿ ನೆಡುವ ಮುಂಚೆ ನಿಮ್ಮಿಬ್ಬರ ನಡುವೆ ಒಂದು ಪಾಲುದಾರಿಕೆ ಪತ್ರ ನೋಂದಣಿ ಆಗಲಿ. ಭೂಮಿಯನ್ನು ಕಂಪನಿಗೆ ಬರೆದುಕೊಡಬೇಡಿ, ನಿಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಿ. ವ್ಯಾಪಾರ ಮುಳುಗಿದರೂ ನೆಲ ಉಳಿಯುತ್ತದೆ. ಎಷ್ಟು ರೂಪಾಯಿ ಮೀರಿದ ಖರ್ಚಿಗೆ ಇಬ್ಬರ ಸಹಿ ಬೇಕು ಎಂದು ಬರೆಯಿರಿ. ಒಬ್ಬರು ಹೊರಹೋಗಬೇಕೆಂದರೆ ಬೆಲೆ ಕಟ್ಟುವವರು ಯಾರು, ಎಷ್ಟು ವರ್ಷದ ಕಂತಿನಲ್ಲಿ ಹಣ ಕೊಡಬೇಕು ಎಂದು ಬರೆಯಿರಿ. ಮಕ್ಕಳು ಬರುವುದಾದರೆ ಮೊದಲು ಬೇರೊಂದು ವೈನರಿಯಲ್ಲಿ ಕೆಲಸ ಕಲಿತು ಬರಬೇಕೇ, ನೇರವಾಗಿ ಬರಬಹುದೇ ಎಂಬುದನ್ನೂ ಬರೆಯಿರಿ. ಮನೆಯ ಹೆಣ್ಣುಮಕ್ಕಳೂ ಆ ಮಾತುಕತೆಯಲ್ಲಿ ಕೂತಿರಲಿ, ಪಾಲು ಅವರದೂ ಇರುತ್ತದೆ. ಕರಡು ಸಿದ್ಧವಾದ ಮೇಲೆ ಕೃಷಿ ಭೂಮಿಯ ವ್ಯವಹಾರ ಬಲ್ಲ ವಕೀಲರಿಂದ ಒಮ್ಮೆ ಓದಿಸಿಯೇ ಸಹಿ ಹಾಕಿ.